ಅಪಸ್ವರದಿಂದ ಅವಳ ಮಗಳವರೆಗೆ: ತ್ರಿವೇಣಿಯವರ ಬರಹದ ಬದುಕು

ಪೀಠಿಕೆ

ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ ತಾಲ್ಲೂಕುಗಳ ಗುಡ್ಡಗಾಡಿನಲ್ಲಿ ಪುನರ್ವಸು, ಪುಷ್ಯ ಮಳೆಗಳು ಹಿಡಿದರೆ ವಾರಗಟ್ಟಲೆ ಹೊರಗೆ ಕಾಲಿಡುವಂತಿರಲಿಲ್ಲ. ಅಂಥ ದಿನಗಳಲ್ಲಿ ತೋಟದ ಮನೆಗಳ ಹೆಂಗಸರ ಕೈಯಿಂದ ಕೈಗೆ ಸಾಗುತ್ತಿದ್ದ ಕಾದಂಬರಿಗಳನ್ನು ಈ ಲೇಖಕಿ ಬಾಲ್ಯದಲ್ಲಿ ಕಂಡಿದ್ದಾಳೆ. ರಕ್ಷಾಪುಟ ಹರಿದ, ಮೊದಲ ಹಾಳೆಗಳಿಲ್ಲದ, ಹೊಗೆಯ ವಾಸನೆ ಹತ್ತಿದ ಆ ಪುಸ್ತಕಗಳಲ್ಲಿ ಹೆಚ್ಚಿನವು ತ್ರಿವೇಣಿಯವರವು. ಅವನ್ನು ಓದಿದವರು ಲೇಖಕಿಯ ಹೆಸರಿಗಿಂತ ಇಂದಿರೆಯನ್ನೂ ಕಾವೇರಿಯನ್ನೂ ಚೆನ್ನಾಗಿ ಬಲ್ಲವರಾಗಿದ್ದರು. ಪಾತ್ರಗಳ ಕುರಿತು ನೆರೆಮನೆಯವರ ಕುರಿತು ಮಾತಾಡುವಂತೆ ಮಾತಾಡುತ್ತಿದ್ದರು. ಮುಂದೆ ಸ್ನಾತಕೋತ್ತರ ತರಗತಿಗೆ ಬಂದಾಗ ಹೊಸಗನ್ನಡ ಕಾದಂಬರಿಯ ಚರ್ಚೆಯಲ್ಲಿ ಅದೇ ಹೆಸರು ಒಂದು ಸಾಲಿನಲ್ಲಿ, ಜನಪ್ರಿಯ ಕಾದಂಬರಿಕಾರ್ತಿಯರ ಪಟ್ಟಿಯ ನಡುವೆ ಬಂದು ಹೋಯಿತು.

ಒಂದು ಓದುಗವರ್ಗ ಆಪ್ತವಾಗಿ ಕಾಯ್ದುಕೊಂಡ ಲೇಖಕಿಯನ್ನು ಸಾಹಿತ್ಯ ಚರಿತ್ರೆ ಪಟ್ಟಿಯಲ್ಲಿ ಮುಗಿಸಿದ್ದೇಕೆ ಎಂಬ ಪ್ರಶ್ನೆಯೇ ಈ ಬರಹದ ಮೂಲ. ಈ ಪ್ರಶ್ನೆಗೆ ಉತ್ತರವನ್ನು ಕೃತಿಗಳ ಮೌಲ್ಯಮಾಪನದಿಂದಷ್ಟೇ ಪಡೆಯುವುದು ಕಷ್ಟ. ಪ್ರೀತಿ, ದಾಂಪತ್ಯ, ತಾಯ್ತನ, ಮನೋವಿಕಾರಗಳನ್ನು ಕುರಿತು ಹೆಣ್ಣೊಬ್ಬಳು ಬರೆದು ಪ್ರಕಟಿಸುವುದು 1950ರ ದಶಕದಲ್ಲಿ ಹೇಗೆ ಸಾಧ್ಯವಾಯಿತು, ಆ ಬರಹಕ್ಕೆ ಯಾವ ತರಬೇತಿ ಹಿನ್ನೆಲೆಯಾಗಿತ್ತು, ಆಕೆಯ ಬದುಕು ಮತ್ತು ಬರಹಗಳು ಯಾವ ಬಿಂದುವಿನಲ್ಲಿ ಸಂಧಿಸಿದವು ಎಂಬುದನ್ನು ಗಮನಿಸಬೇಕಾಗುತ್ತದೆ. ಪ್ರಸ್ತುತ ಲೇಖನ ತ್ರಿವೇಣಿಯವರ ಜೀವನವನ್ನು ಈ ದೃಷ್ಟಿಯಿಂದ ನಿರೂಪಿಸುವ ಪ್ರಯತ್ನ.

ಹುಟ್ಟು, ಮನೆತನ, ಶಿಕ್ಷಣ

ತ್ರಿವೇಣಿಯವರು 1928ರ ಸೆಪ್ಟೆಂಬರ್ 1ರಂದು ಮಂಡ್ಯದಲ್ಲಿ ಜನಿಸಿದರು. ತಂದೆ ಬಿ.ಎಂ. ಕೃಷ್ಣಸ್ವಾಮಿ, ತಾಯಿ ತಂಗಮ್ಮ. ಆಗಿನ್ನೂ ಮಂಡ್ಯ ಮೈಸೂರು ಜಿಲ್ಲೆಯೊಳಗಿನ ಒಂದು ಊರು. ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿಯುವ ಹಂತದಲ್ಲಿತ್ತು. ನಾಲೆಯ ನೀರು, ಸಕ್ಕರೆ ಕಾರ್ಖಾನೆಗಳು ಬಂದು 1939ರಲ್ಲಿ ಅದು ಪ್ರತ್ಯೇಕ ಜಿಲ್ಲೆಯ ಕೇಂದ್ರವಾದಾಗ ಈಕೆ ಹನ್ನೊಂದರ ಹುಡುಗಿ. ಹಳ್ಳಿಯ ನಡವಳಿಕೆ ಬಿಡದ, ಪಟ್ಟಣದ ಆಸೆಗಳು ಮೂಡತೊಡಗಿದ ಇಂಥ ಊರುಗಳ ಮಧ್ಯಮವರ್ಗವೇ ಮುಂದೆ ಅವರ ಕಥನದ ಲೋಕವಾಯಿತು.

ಮನೆಯಲ್ಲಿ ಇಟ್ಟ ಹೆಸರು ಭಾಗೀರಥಿ, ಶಾಲೆಯಲ್ಲಿ ಅನಸೂಯಾ, ಮದುವೆಯ ಬಳಿಕ ಅನಸೂಯಾ ಶಂಕರ್, ಓದುಗರಿಗೆ ತ್ರಿವೇಣಿ. ಒಂದು ನದಿಯ ಹೆಸರಿನಿಂದ ಆರಂಭವಾಗಿ, ಪತಿವ್ರತೆಯ ಹೆಸರನ್ನು ಹಾದು, ನದಿಗಳ ಸಂಗಮದ ಹೆಸರಿಗೆ ತಲುಪಿದ ಈ ಸರಣಿಯಲ್ಲಿ ಕೊನೆಯದು ಮಾತ್ರ ಬರಹಗಾರ್ತಿಯಾಗಿ ತಳೆದ ಹೆಸರು. ಕಾವ್ಯನಾಮದ ಬಳಕೆ ಆ ಕಾಲದಲ್ಲಿ ಗಂಡಸರಲ್ಲೂ ರೂಢಿಯಲ್ಲಿತ್ತು. ಆದರೆ ದಾಂಪತ್ಯದ ಒಳಗುಟ್ಟುಗಳನ್ನು ಬರೆಯುವ ಗೃಹಿಣಿಗೆ ಅದು ಅಲಂಕಾರವಷ್ಟೇ ಆಗಿರದೆ ಒಂದು ಆವರಣವೂ ಆಗಬಲ್ಲದಾಗಿತ್ತು ಎಂಬುದನ್ನು ಮರೆಯಲಾಗದು.

ಮನೆತನದಲ್ಲಿ ಸಾಹಿತ್ಯದ ನೆರಳು ದಟ್ಟವಾಗಿತ್ತು. 'ಇಂಗ್ಲಿಷ್ ಗೀತಗಳು' ಮೂಲಕ ನವೋದಯ ಕಾವ್ಯಕ್ಕೆ ದಾರಿ ತೋರಿದ ಬಿ.ಎಂ. ಶ್ರೀಕಂಠಯ್ಯನವರ ಸೋದರನ ಮಗಳು ಈಕೆ. 'ವಾಣಿ' ಎಂಬ ಹೆಸರಿನಲ್ಲಿ ಕಾದಂಬರಿಗಳನ್ನು ಬರೆದ ಬಿ.ಎನ್. ಸುಬ್ಬಮ್ಮನವರೂ ಹತ್ತಿರದ ಬಂಧು. ಒಂದೇ ಬಳಗದಿಂದ ಒಬ್ಬ ಆಚಾರ್ಯಪುರುಷ ಹಾಗೂ ಇಬ್ಬರು ಕಾದಂಬರಿಕಾರ್ತಿಯರು ಬಂದದ್ದು ಕುತೂಹಲದ ಸಂಗತಿ. ಇಲ್ಲಿ ಒಂದು ವಿಭಜನೆಯೂ ಕಾಣುತ್ತದೆ: ಗಂಡಸಿಗೆ ಕಾವ್ಯ, ವಿಶ್ವವಿದ್ಯಾನಿಲಯ, ಭಾಷಣ ವೇದಿಕೆ, ಹೆಂಗಸರಿಗೆ ಕಾದಂಬರಿ, ಮನೆಯ ಮೂಲೆ, ಗ್ರಂಥಾಲಯದ ಓದುಗರು. ಶ್ರೀಯವರ ಮನೆತನದವರೆಂಬ ಪರಿಚಯ ತ್ರಿವೇಣಿಯವರಿಗೆ ಗೌರವ ತಂದಿತಾದರೂ ವಿಮರ್ಶೆಯ ಅಂಗಳಕ್ಕೆ ಪ್ರವೇಶ ಒದಗಿಸಲಿಲ್ಲ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರು ಬಿ.ಎ. ಪದವಿಗೆ ಓದಿದರು. ಆರಿಸಿಕೊಂಡ ವಿಷಯ ಮನಃಶಾಸ್ತ್ರ. 1947ರಲ್ಲಿ ಆ ವಿಷಯಕ್ಕಾಗಿ ಚಿನ್ನದ ಪದಕದೊಂದಿಗೆ ತೇರ್ಗಡೆಯಾದರು. ಅವರ ಕಾದಂಬರಿಗಳ ಚರ್ಚೆಯಲ್ಲಿ ಈ ಸಂಗತಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಆದರೆ ಅದರ ಸಂಸ್ಥಾತ್ಮಕ ಹಿನ್ನೆಲೆಯ ಕಡೆಗೆ ಗಮನ ಹರಿದದ್ದು ಕಡಿಮೆ. ಮೈಸೂರಿನ ಮನಃಶಾಸ್ತ್ರ ವಿಭಾಗ 1924ರಲ್ಲಿ ಆರಂಭವಾದದ್ದು; ಭಾರತದ ಅತಿ ಹಳೆಯ ಮನಃಶಾಸ್ತ್ರ ವಿಭಾಗಗಳಲ್ಲಿ ಒಂದು. ಅದನ್ನು ಕಟ್ಟಿದ ಡಾ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದವರು. ಮನಸ್ಸಿನ ವ್ಯಾಪಾರಗಳನ್ನು ಪ್ರಯೋಗದಿಂದ, ಪ್ರಕರಣಗಳ ಅಧ್ಯಯನದಿಂದ ಅರಿಯಬಹುದೆಂಬ ನಂಬಿಕೆ ಆ ವಿಭಾಗದ ಹವೆಯಲ್ಲಿಯೇ ಇತ್ತು. ದೆವ್ವ, ಗ್ರಹಚಾರ, ಪೂರ್ವಜನ್ಮದ ಕರ್ಮ ಎಂದು ವಿವರಿಸಲಾಗುತ್ತಿದ್ದ ಹೆಣ್ಣಿನ ಸಂಕಟಗಳಿಗೆ ಬೇರೆಯೇ ಹೆಸರುಗಳಿವೆ ಎಂಬ ತಿಳಿವಳಿಕೆಯನ್ನು ತ್ರಿವೇಣಿಯವರು ಪಡೆದದ್ದು ಇಂಥ ಪರಿಸರದಲ್ಲಿ.

ಪದವಿಯ ನಂತರ ಕೆಲಕಾಲ ಮಂಡ್ಯದಲ್ಲಿ ಉಪಾಧ್ಯಾಯಿನಿಯಾಗಿದ್ದರು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ವಿವಾಹವಾದ ಬಳಿಕ ಮೈಸೂರು ಅವರ ನೆಲೆಯಾಯಿತು. ಓದು-ಬರಹ ತಿಳಿದ ಮನೆ ಅವರಿಗೆ ದೊರೆಯಿತು. ಆದರೆ ಬರೆಯಲು ಅನುಮತಿಸುವ ಮನೆ ದೊರೆತ ಮಾತ್ರಕ್ಕೆ ಬರೆಯುವ ಪರಂಪರೆ ದೊರೆತಂತಾಗುವುದಿಲ್ಲ. ಅದಕ್ಕಾಗಿ ಹಿಂದಿನ ಹಾದಿಯನ್ನು ಅವಲೋಕಿಸಬೇಕು.

ಹಿಂದಿನ ಹಾದಿ

ಕನ್ನಡ ಕಾದಂಬರಿ ಪ್ರೀತಿ-ದಾಂಪತ್ಯಗಳ ವಿಷಯವನ್ನು ಎತ್ತಿಕೊಂಡದ್ದು ಸುಧಾರಣೆಯ ಹೆಸರಿನಲ್ಲಿ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಷ್ಟು ಹಿಂದೆಯೇ ವಿಧವೆಯ ಮರುಮದುವೆಯನ್ನು ಕಥಾವಸ್ತುವಾಗಿಸಿತು. ನಂಜನಗೂಡಿನ ತಿರುಮಲಾಂಬಾ ಸ್ವತಃ ಬಾಲವಿಧವೆಯಾಗಿದ್ದೂ 'ಸತೀಹಿತೈಷಿಣಿ' ಗ್ರಂಥಮಾಲೆಯ ಮೂಲಕ ಕಾದಂಬರಿಗಳನ್ನು ಪ್ರಕಟಿಸಿದರು. ಅವರ 'ಸುಶೀಲೆ' 1913ರಲ್ಲಿ ಹೊರಬಂದಿತು. ಅಲ್ಲಿ ಪ್ರೀತಿಯೆಂದರೆ ಸತೀಧರ್ಮದ ಗೆರೆಯೊಳಗೆ ಸಹನೆಯಿಂದ ಗೆದ್ದುಕೊಳ್ಳುವ ಸೌಭಾಗ್ಯ. ಗ್ರಂಥಮಾಲೆಯ ಹೆಸರಿನಲ್ಲಿಯೇ ಆ ಗೆರೆ ಎದ್ದು ಕಾಣುತ್ತದೆ.

ಸಕಲೇಶಪುರದ ಗಡಿಗೆ ತಾಗಿಕೊಂಡಿರುವ ಕೊಡಗಿನಲ್ಲಿ ಗೌರಮ್ಮನವರು ಈ ಗೆರೆಯನ್ನು ಮೆಲ್ಲನೆ ದಾಟಿದರು. 1912ರಲ್ಲಿ ಹುಟ್ಟಿ 1939ರಲ್ಲಿ ನೀರಿನ ಪಾಲಾದ ಆಕೆಯ ಕಥೆಗಳಲ್ಲಿ ಪ್ರೀತಿಸುವ, ಆಸೆಪಡುವ, ಪ್ರಶ್ನಿಸುವ ಹೆಣ್ಣುಗಳಿದ್ದಾರೆ. 'ಕಂಬನಿ' ಸಂಕಲನ ಪುಸ್ತಕವಾಗಿ ಬಂದದ್ದು ಲೇಖಕಿ ಇಲ್ಲವಾದ ಮೇಲೆ. ಇಪ್ಪತ್ತೇಳಕ್ಕೆ ಮುಗಿದ ಗೌರಮ್ಮನವರ ಬದುಕಿಗೂ ಮೂವತ್ತನಾಲ್ಕಕ್ಕೆ ಮುಗಿದ ತ್ರಿವೇಣಿಯವರ ಬದುಕಿಗೂ ಹೋಲಿಕೆ ಮಾಡುವವರು ಸಾಮಾನ್ಯವಾಗಿ ಅಕಾಲಮರಣದಲ್ಲಿ ನಿಲ್ಲುತ್ತಾರೆ. ವಾಸ್ತವವಾಗಿ ಹೋಲಿಕೆಯ ಹೆಚ್ಚು ಮುಖ್ಯವಾದ ನೆಲೆ ಬೇರೆ: ಗೌರಮ್ಮನವರು ಸಣ್ಣಕಥೆಯ ಪರಿಮಿತಿಯಲ್ಲಿ ಸೂಚಿಸಿ ಬಿಟ್ಟದ್ದನ್ನು ತ್ರಿವೇಣಿಯವರು ಕಾದಂಬರಿಯ ವಿಸ್ತಾರದಲ್ಲಿ, ಕಾರಣ-ಪರಿಣಾಮಗಳ ಸಮೇತ ಬಿಡಿಸಿಟ್ಟರು.

ಇನ್ನೊಂದು ಕಡೆಯಿಂದ, ಹಾಸನ ಸೀಮೆಯ ಅರಕಲಗೂಡಿನ ಹೆಸರನ್ನು ತಮ್ಮ ಹೆಸರಿನ ಮೊದಲಕ್ಷರದಲ್ಲಿ ಹೊತ್ತ ಅ.ನ. ಕೃಷ್ಣರಾಯರು ಕನ್ನಡ ಕಾದಂಬರಿಗೆ ವಿಶಾಲವಾದ ಓದುಗವರ್ಗವನ್ನು ಕಟ್ಟಿದ್ದರು. 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಕಾದಂಬರಿಗಳಲ್ಲಿ ವೇಶ್ಯಾಸಮಸ್ಯೆಯನ್ನು ಎತ್ತಿಕೊಂಡದ್ದಕ್ಕಾಗಿ ಅವರು ಅಶ್ಲೀಲತೆಯ ಆರೋಪವನ್ನು ಎದುರಿಸಬೇಕಾಯಿತು. ಅದಕ್ಕೆ ಉತ್ತರವಾಗಿ 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದರು. ಗಂಡಸಾಗಿ, ಪ್ರಗತಿಶೀಲ ಚಳವಳಿಯ ನಾಯಕರಾಗಿ, ವಾಗ್ವಾದಕ್ಕೆ ಹೆಸರಾದವರಾಗಿ ಅನಕೃ ಬಹಿರಂಗವಾಗಿ ವಾದಕ್ಕೆ ಇಳಿಯಬಹುದಾಗಿತ್ತು. ಗೃಹಿಣಿಯೊಬ್ಬಳಿಗೆ ಆ ಅವಕಾಶ ಇರಲಿಲ್ಲ. ತ್ರಿವೇಣಿಯವರು ಬರೆಯತೊಡಗಿದ್ದು ಈ ವಿವಾದದ ಕಾವು ಇನ್ನೂ ಆರಿರದ ದಿನಗಳಲ್ಲಿ. ದೇಹದ, ಬಯಕೆಯ ಪ್ರಶ್ನೆಗಳನ್ನು ಆರೋಪಕ್ಕೆ ಸಿಕ್ಕದ ಹಾಗೆ ಬರೆಯುವ ಭಾಷೆ ಅವರಿಗೆ ಬೇಕಿತ್ತು. ಆ ಭಾಷೆಯನ್ನು ಒದಗಿಸಿದ್ದು ಮನಃಶಾಸ್ತ್ರ.

ಹತ್ತು ವರ್ಷಗಳ ಬರಹ

ಮೊದಲ ಕಾದಂಬರಿ 'ಅಪಸ್ವರ' 1953ರಲ್ಲಿ ಪ್ರಕಟವಾಯಿತು. ಅದರ ಮುಂದಿನ ಕಥೆ 'ಅಪಜಯ'. ಆರಂಭದ ಎರಡೂ ಶೀರ್ಷಿಕೆಗಳಲ್ಲಿರುವ ನಿಷೇಧಾರ್ಥವನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಮಂಗಳದಲ್ಲಿ ಮುಗಿಯುವ ಸಾಂಸಾರಿಕ ಕಥನದ ರೂಢಿಗೆ ವಿರುದ್ಧವಾಗಿ, ಶ್ರುತಿ ತಪ್ಪಿದ ಸಂಬಂಧಗಳಿಂದ ಅವರು ಆರಂಭಿಸಿದರು. ಅಲ್ಲಿಂದ ಸಾಯುವವರೆಗಿನ ಅವಧಿ ಹತ್ತು ವರ್ಷ. ಆ ಹತ್ತು ವರ್ಷಗಳಲ್ಲಿ ಸುಮಾರು 20 ಕಾದಂಬರಿಗಳು, 'ಎರಡು ಮನಸ್ಸು', 'ಸಮಸ್ಯೆಯ ಮಗು', 'ಹೆಂಡತಿಯ ಹೆಸರು' ಎಂಬ ಮೂರು ಕಥಾಸಂಕಲನಗಳು ಅವರಿಂದ ಬಂದವು. ವರ್ಷಕ್ಕೆ ಸರಾಸರಿ ಎರಡು ಕಾದಂಬರಿ. 'ಸೋತು ಗೆದ್ದವಳು', 'ಮೊದಲ ಹೆಜ್ಜೆ', 'ದೂರದ ಬೆಟ್ಟ', 'ಕೀಲುಗೊಂಬೆ', 'ಮುಚ್ಚಿದ ಬಾಗಿಲು', 'ಕಾಶೀಯಾತ್ರೆ', 'ತಾವರೆಯ ಕೊಳ', 'ವಸಂತಗಾನ' ಮೊದಲಾದವು ಈ ಅವಧಿಯವು. 'ಅವಳ ಮನೆ'ಗೆ ರಾಜ್ಯದ ಸಾಹಿತ್ಯ ಪ್ರಶಸ್ತಿ ಸಂದಿತು.

ಈ ವೇಗವನ್ನು ಜನಪ್ರಿಯತೆಯ ಒತ್ತಡವೆಂದು ವಿವರಿಸುವುದು ಸುಲಭ. ಆದರೆ ಕಾಲವನ್ನು ಗಮನಿಸಬೇಕು. ಧಾರಾವಾಹಿಗಳ ಮೂಲಕ ಕಾದಂಬರಿಕಾರ್ತಿಯರನ್ನು ಮನೆಮಾತಾಗಿಸಿದ 'ಸುಧಾ' ವಾರಪತ್ರಿಕೆ ಆರಂಭವಾದದ್ದು 1965ರಲ್ಲಿ. ತಾಲ್ಲೂಕು ಕೇಂದ್ರಗಳವರೆಗೆ ಸರ್ಕಾರಿ ಗ್ರಂಥಾಲಯಗಳು ಹರಡಲು ದಾರಿಮಾಡಿದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯೂ ಅದೇ ವರ್ಷದ್ದು. ಇವೆರಡನ್ನೂ ನೋಡಲು ತ್ರಿವೇಣಿಯವರು ಬದುಕಿರಲಿಲ್ಲ. ಸಕಲೇಶಪುರ, ಆಲೂರುಗಳಂಥ ಊರುಗಳ ಓದುಗಿಯರು ಅವರನ್ನು ತಲುಪಿದ್ದು ಬಹುಮಟ್ಟಿಗೆ ಅವರ ಮರಣಾನಂತರ. ಅಂದರೆ, ಮುಂದೆ ಬರಲಿದ್ದ ಓದುಗವರ್ಗಕ್ಕಾಗಿ ಅವರು ಮೊದಲೇ ಬರೆದಿಟ್ಟಿದ್ದರು. ಮಾರುಕಟ್ಟೆ ಅವರ ಕಥನವನ್ನು ರೂಪಿಸಿತು ಎನ್ನುವುದಕ್ಕಿಂತ ಅವರಂಥವರ ಕಥನ ಒಂದು ಓದುಗಲೋಕವನ್ನು ರೂಪಿಸಿತು ಎನ್ನುವುದು ಹೆಚ್ಚು ಸರಿ.

ಅವರ ಗದ್ಯದ ಸ್ವರೂಪವೂ ಈ ಸಂದರ್ಭದಲ್ಲಿ ಗಮನಾರ್ಹ. ಚಿಕ್ಕ ವಾಕ್ಯಗಳು, ಹಳೆಯ ಮೈಸೂರಿನ ವಿದ್ಯಾವಂತ ಮನೆಗಳ ಆಡುಮಾತಿಗೆ ಹತ್ತಿರವಾದ ಸಂಭಾಷಣೆ, ವರ್ಣನೆಯಲ್ಲಿ ಸಂಯಮ. ಪಾತ್ರದ ಮನಸ್ಸಿನಲ್ಲಿ ನಡೆಯುವುದನ್ನು ನಿರೂಪಕಿ ಸರಳವಾಗಿ ಹೇಳುತ್ತಾಳೆ, ತೀರ್ಪು ಕೊಡುವುದಿಲ್ಲ. ತಪ್ಪು ಮಾಡಿದವಳನ್ನು ಶಿಕ್ಷಿಸದೆ, ಆ ತಪ್ಪಿನ ಹಿಂದಿನ ಕಾರಣಗಳನ್ನು ಹುಡುಕುವ ಈ ನಿಲುವು ಸತೀಹಿತದ ಮಾದರಿಯಿಂದ ಬಹುದೂರ ಸಾಗಿ ಬಂದದ್ದು. 'ಹೂವು ಹಣ್ಣು' ಕಾದಂಬರಿಯಲ್ಲಿ ಮಗಳನ್ನು ಸಾಕುವ ಸಲುವಾಗಿ ದೇಹವನ್ನು ಮಾರಿಕೊಳ್ಳಬೇಕಾದ ತಾಯಿಯ ಚಿತ್ರಣವನ್ನು ಅನಕೃ ಅವರ ಮೂರು ಕಾದಂಬರಿಗಳ ಪಕ್ಕದಲ್ಲಿಟ್ಟು ಓದಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅನಕೃ ಸಮಸ್ಯೆಯನ್ನು ಸಮಾಜದ ಮುಂದಿಟ್ಟು ಸವಾಲೆಸೆಯುತ್ತಾರೆ. ತ್ರಿವೇಣಿ ಆ ತಾಯಿಯ ಭಯದೊಳಗೆ, ಮಗಳಿಗೆ ಗೊತ್ತಾದರೇನು ಗತಿ ಎಂಬ ಆತಂಕದೊಳಗೆ ಓದುಗರನ್ನು ಕೂರಿಸುತ್ತಾರೆ.

ಪ್ರೀತಿಯ ಲೆಕ್ಕ: 'ಬೆಳ್ಳಿಮೋಡ'

ತ್ರಿವೇಣಿಯವರನ್ನು ಪ್ರೇಮಕಥೆಗಳ ಲೇಖಕಿ ಎಂದು ಕರೆಯುವವರು ಮೊದಲು ಹೆಸರಿಸುವುದು 'ಬೆಳ್ಳಿಮೋಡ'ವನ್ನು. ಮಲೆನಾಡಿನ ತೋಟದ ಒಡೆಯ ಸದಾಶಿವರಾಯರ ಒಬ್ಬಳೇ ಮಗಳು ಇಂದಿರೆ. ಅವಳನ್ನು ಮದುವೆಯಾಗಲು ಒಪ್ಪಿದ ಮೋಹನ ಮಾವನಾಗುವವನ ಹಣದಿಂದ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅವನು ಅಲ್ಲಿರುವಾಗ ಇಂದಿರೆಯ ತಾಯಿ ಗಂಡುಮಗುವನ್ನು ಹೆತ್ತು ತೀರಿಕೊಳ್ಳುತ್ತಾಳೆ. ಆಸ್ತಿಗೆ ವಾರಸುದಾರ ಬಂದುಬಿಟ್ಟ. ತಿರುಗಿ ಬಂದ ಮೋಹನನ ಪ್ರೀತಿ ತಣ್ಣಗಾಗುತ್ತದೆ, ಸಂಬಂಧ ಮುರಿಯುತ್ತದೆ. ಮುಂದೆ ಅಪಘಾತದಲ್ಲಿ ಗಾಯಗೊಂಡ ಅವನ ಶುಶ್ರೂಷೆ ಮಾಡುವವಳು ಇಂದಿರೆಯೇ. ಆಗ ಅವನಲ್ಲಿ ನಿಜವಾದ ಪ್ರೀತಿ ಮೂಡುತ್ತದೆ. ಆದರೆ ಇಂದಿರೆ ಅವನನ್ನು ಒಪ್ಪುವುದಿಲ್ಲ.

ಈ ನಿರಾಕರಣೆಯಲ್ಲಿಯೇ ಕಾದಂಬರಿಯ ಶಕ್ತಿಯಿದೆ. ಪಶ್ಚಾತ್ತಾಪಪಟ್ಟ ಗಂಡನ್ನು ಕ್ಷಮಿಸಿ ಸ್ವೀಕರಿಸುವುದು ಸಾಂಸಾರಿಕ ಕಥನದ ರೂಢಿ. ಇಂದಿರೆ ಶುಶ್ರೂಷೆಯನ್ನು ನಿರಾಕರಿಸುವುದಿಲ್ಲ, ದಾಂಪತ್ಯವನ್ನು ನಿರಾಕರಿಸುತ್ತಾಳೆ. ಕರುಣೆ ಬೇರೆ, ಪ್ರೀತಿ ಬೇರೆ ಎಂಬ ವಿವೇಕವನ್ನು ಅವಳು ತನ್ನ ನಡತೆಯಿಂದಲೇ ಸ್ಥಾಪಿಸುತ್ತಾಳೆ. ಸೇವೆ ಮಾಡಿದ ಹೆಣ್ಣು ಒಲಿದಳೆಂದೇ ಅರ್ಥ ಎಂಬ ಗಂಡಿನ ಗ್ರಹಿಕೆಯನ್ನು ಕಾದಂಬರಿ ಇಲ್ಲಿ ಪರೀಕ್ಷೆಗೊಡ್ಡುತ್ತದೆ.

ಕಾಫಿ ಸೀಮೆಯಲ್ಲಿ ಬೆಳೆದ ಓದುಗರಿಗೆ ಈ ಕಥೆ ಇನ್ನೊಂದು ಬಗೆಯಲ್ಲಿಯೂ ತೆರೆದುಕೊಳ್ಳುತ್ತದೆ. ತೋಟವೆಂಬುದು ಬರಿಯ ರಮ್ಯ ಹಿನ್ನೆಲೆಯಲ್ಲ, ಅದು ಆಸ್ತಿ. ಮಗಳಿಗೆ ಬರುವ ಗಂಡು ಯಾರು, ಮಗನಿಲ್ಲದ ಮನೆಯ ತೋಟ ಯಾರ ಪಾಲು ಎಂಬ ಲೆಕ್ಕಾಚಾರ ಬೆಟ್ಟದ ಮಂಜಿನಷ್ಟೇ ಸಹಜವಾಗಿ ಇಲ್ಲಿನ ಮಾತುಕತೆಗಳಲ್ಲಿ ಸುಳಿಯುತ್ತದೆ. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ತಂದಿತ್ತು. 1955ರಲ್ಲಿ ಹಿಂದೂ ವಿವಾಹ ಕಾಯಿದೆಯೂ 1956ರಲ್ಲಿ ಉತ್ತರಾಧಿಕಾರ ಕಾಯಿದೆಯೂ ಜಾರಿಗೆ ಬಂದವು. ಅಂದರೆ ತ್ರಿವೇಣಿಯವರು ಬರೆಯುತ್ತಿದ್ದ ಹತ್ತು ವರ್ಷಗಳು ಮದುವೆ ಮತ್ತು ಆಸ್ತಿಗಳ ವ್ಯಾಖ್ಯೆಯೇ ಕಾನೂನಿನಲ್ಲಿ ಬದಲಾಗುತ್ತಿದ್ದ ವರ್ಷಗಳು. ಆದರೆ ತಮ್ಮ ಹುಟ್ಟಿದೊಡನೆ ಹೆಣ್ಣಿನ ಬೆಲೆ ಕುಸಿಯುವ ಕಥೆಯನ್ನು ಓದುಗರು ಅನುಮಾನಿಸಲಿಲ್ಲ. ಕಾನೂನು ಮುಂದೆ ಸಾಗಿದ್ದರೂ ಮನಸ್ಸಿನ ಲೆಕ್ಕ ಅಲ್ಲಿಯೇ ನಿಂತಿತ್ತು ಎಂಬುದಕ್ಕೆ ಆ ನಂಬಿಕೆಯೇ ಸಾಕ್ಷಿ. ಪ್ರೇಮಕಥೆಯ ಹೊದಿಕೆಯಲ್ಲಿ ತ್ರಿವೇಣಿ ಬರೆದದ್ದು ಪ್ರೀತಿಯ ಅರ್ಥಶಾಸ್ತ್ರವನ್ನು.

ಮನಸ್ಸಿನ ಕಾಯಿಲೆ, ಮನೆಯ ಕಾಯಿಲೆ: 'ಶರಪಂಜರ'

ಕಾವೇರಿ ಮತ್ತು ಸತೀಶರ ಸುಖೀ ದಾಂಪತ್ಯದ ಕಥೆಯಾಗಿ ಆರಂಭವಾಗುವ 'ಶರಪಂಜರ' ಹೆರಿಗೆಯ ನಂತರ ಕಾವೇರಿ ಮನಃಸ್ವಾಸ್ಥ್ಯ ಕಳೆದುಕೊಳ್ಳುವುದರೊಂದಿಗೆ ತಿರುವು ಪಡೆಯುತ್ತದೆ. ಅದುಮಿಟ್ಟಿದ್ದ ವಿವಾಹಪೂರ್ವದ ನೆನಪೊಂದು ಆ ಸ್ಥಿತಿಯಲ್ಲಿ ಹೊರಬರುತ್ತದೆ. ಆಸ್ಪತ್ರೆಯ ಚಿಕಿತ್ಸೆಯಿಂದ ಅವಳು ಗುಣವಾಗಿ ಮನೆಗೆ ಮರಳುತ್ತಾಳೆ. ಕಾದಂಬರಿಯ ನಿಜವಾದ ಕಥೆ ಅಲ್ಲಿಂದ ಮುಂದಿನದು. ನೆರೆಹೊರೆಯವರು ಅವಳನ್ನು ಸಂದೇಹದಿಂದ ನೋಡುತ್ತಾರೆ, ಆಳುಕಾಳುಗಳೂ ಅಂಜುತ್ತಾರೆ, ಗಂಡ ಅವಳ ಹಳೆಯ ಪ್ರಕರಣವನ್ನು ಮರೆಯಲಾರ, ಅದೇ ಹೊತ್ತಿಗೆ ತಾನು ಇನ್ನೊಬ್ಬಳಲ್ಲಿ ಸುಖ ಹುಡುಕುತ್ತಾನೆ. ಗುಣವಾಗಿ ಬಂದವಳನ್ನು ಮನೆಯೇ ಮತ್ತೆ ಕಾಯಿಲೆಗೆ ತಳ್ಳುತ್ತದೆ.

ಈ ಕೃತಿಯ ಮಹತ್ವವನ್ನು ಅರಿಯಲು ಅಂದಿನ ಚಿಕಿತ್ಸಾಲೋಕವನ್ನು ನೆನೆಯಬೇಕು. ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಯಿತ್ತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಇವೆರಡೂ ಸೇರಿ ನಿಮ್ಹಾನ್ಸ್ ಆದದ್ದು 1974ರಲ್ಲಿ. ಜನರ ಮಾತಿನಲ್ಲಿ ಮಾತ್ರ ಅದು ಹುಚ್ಚಾಸ್ಪತ್ರೆಯೇ. ಅಲ್ಲಿಗೆ ಹೋದವರು ಮರಳಿ ಬಾಳುವೆ ಮಾಡಬಲ್ಲರು ಎಂಬ ನಂಬಿಕೆಯೇ ಇರದಿದ್ದ ಕಾಲದಲ್ಲಿ, ಮನೋರೋಗವೂ ಬೇರೆ ರೋಗಗಳಂತೆ ಒಂದು ರೋಗ, ಅದಕ್ಕೆ ಕಾರಣವಿದೆ, ಚಿಕಿತ್ಸೆಯಿದೆ ಎಂಬ ಅರಿವನ್ನು ಕಾದಂಬರಿಯೊಂದು ಅಡುಗೆಮನೆಯವರೆಗೆ ಕೊಂಡೊಯ್ದಿತು. ಬಾಣಂತಿಯ ಮನೋವಿಕಾರವನ್ನು ದೆವ್ವದ ಚೇಷ್ಟೆಯೆಂದು ಅಂತ್ರ ಕಟ್ಟಿಸುತ್ತಿದ್ದ ಊರುಗಳಲ್ಲಿ ಈ ಪುಸ್ತಕ ಓದಿದವರಿಗೆ ಒಂದು ಬೇರೆ ವಿವರಣೆ ಕೈಗೆ ಸಿಕ್ಕಿತು.

ಅದಕ್ಕಿಂತ ಮುಖ್ಯವಾದದ್ದು, ಆಸ್ಪತ್ರೆ ಮತ್ತು ಮನೆಗಳ ಸ್ಥಾನಪಲ್ಲಟ. ರೂಢಿಯ ಕಲ್ಪನೆಯಲ್ಲಿ ಮನೆ ರಕ್ಷಣೆ, ಆಸ್ಪತ್ರೆ ಬಂಧನ. 'ಶರಪಂಜರ'ದಲ್ಲಿ ಆಸ್ಪತ್ರೆ ಗುಣಪಡಿಸುತ್ತದೆ, ಮನೆ ಪಂಜರವಾಗುತ್ತದೆ. ಇಬ್ಬರ ತಪ್ಪುಗಳಿಗೆ ಎರಡು ತೂಕದ ಕಲ್ಲುಗಳಿರುವುದನ್ನು ಕಾವೇರಿ ಮತ್ತು ಸತೀಶರ ಮೂಲಕ ಲೇಖಕಿ ತೋರಿಸುತ್ತಾರೆ. ಗಂಡಿನ ವ್ಯಭಿಚಾರ ಅಡಗಿಹೋಗುತ್ತದೆ, ಹೆಣ್ಣಿನ ಭೂತಕಾಲ ಅವಳ ಬೆನ್ನು ಬಿಡುವುದಿಲ್ಲ. ಪ್ರೀತಿಯೆಂಬುದು ಷರತ್ತಿನ ಮೇಲೆ ನಿಂತಿದ್ದರೆ ಅದು ಬಿರುಕುಬಿಡಲು ಒಂದು ಕಾಯಿಲೆ ಸಾಕು ಎಂಬ ಅರಿವು 'ಬೆಳ್ಳಿಮೋಡ'ದಲ್ಲಿ ಆಸ್ತಿಯ ನೆಲೆಯಲ್ಲಿ, 'ಶರಪಂಜರ'ದಲ್ಲಿ ಮಾನದ ನೆಲೆಯಲ್ಲಿ ವ್ಯಕ್ತವಾಗಿದೆ. ಎರಡರಲ್ಲೂ ಮುರಿಯುವುದು ಪ್ರೀತಿಯಲ್ಲ, ಪ್ರೀತಿಯೆಂದು ಕರೆಯಲಾಗುತ್ತಿದ್ದ ಒಪ್ಪಂದ.

ದೇಹ, ತಾಯ್ತನ, ಸಾವು

ಹೆರಿಗೆ ಮತ್ತು ತಾಯ್ತನಗಳು ತ್ರಿವೇಣಿಯವರ ಕಥನದಲ್ಲಿ ಮತ್ತೆ ಮತ್ತೆ ತಿರುವಿನ ಬಿಂದುಗಳಾಗಿ ಬರುತ್ತವೆ. ಇಂದಿರೆಯ ತಾಯಿ ಹೆರಿಗೆಯಲ್ಲಿ ಸಾಯುತ್ತಾಳೆ. ಕಾವೇರಿ ಹೆರಿಗೆಯ ನಂತರ ಮನಸ್ಸಿನ ಹಿಡಿತ ಕಳೆದುಕೊಳ್ಳುತ್ತಾಳೆ. ತಾಯ್ತನವನ್ನು ಹೆಣ್ಣಿನ ಸಾರ್ಥಕ್ಯವೆಂದು ಹಾಡುವ ಸಂಪ್ರದಾಯದ ನಡುವೆ, ಅದು ಹೆಣ್ಣಿನ ದೇಹಕ್ಕೂ ಮನಸ್ಸಿಗೂ ಒಡ್ಡುವ ಅಪಾಯವನ್ನು ಅವರು ಅಂಜದೆ ಬರೆದರು. ಉಬ್ಬಸದ ತೊಂದರೆಯಿದ್ದ, ಗಟ್ಟಿ ಆರೋಗ್ಯವಿಲ್ಲದ ಅವರ ಸ್ವಂತ ಬದುಕಿನಲ್ಲಿಯೂ ತಾಯ್ತನ ಸುಲಭವಾಗಿ ಬರಲಿಲ್ಲ.

1963ರ ಜುಲೈನಲ್ಲಿ ಅವರು ಹೆಣ್ಣುಮಗುವಿಗೆ ಜನ್ಮವಿತ್ತರು. ಹತ್ತು ದಿನಗಳ ತರುವಾಯ, ಜುಲೈ 29ರಂದು ತೀರಿಕೊಂಡರು. ಮೂವತ್ತೈದು ತುಂಬಲು ಒಂದು ತಿಂಗಳಷ್ಟೇ ಉಳಿದಿತ್ತು. ಬರೆಯುತ್ತಿದ್ದ 'ಅವಳ ಮಗಳು' ಅರ್ಧಕ್ಕೆ ನಿಂತಿತು, ಅದನ್ನು ಎಂ.ಸಿ. ಪದ್ಮಾ ಪೂರ್ಣಗೊಳಿಸಿದರು. ಮಗಳನ್ನು ಹೆತ್ತು ಸತ್ತ ಲೇಖಕಿಯ ಕೊನೆಯ ಕೃತಿಯ ಹೆಸರು ಹೀಗಿದ್ದುದನ್ನು ಕಂಡು ಓದುಗರು ಮಮ್ಮಲ ಮರುಗಿದ್ದು ಸಹಜ. ಸಂಶೋಧಕರಾದವರು ಇಲ್ಲಿ ಎಚ್ಚರ ವಹಿಸಬೇಕು. ಬದುಕಿನ ಅಂತ್ಯವನ್ನು ಕೃತಿಗಳ ಮೇಲೆ ಹೊದಿಸಿ, ಅವರು ತಮ್ಮ ಸಾವನ್ನೇ ಮುಂಗಂಡು ಬರೆದರೆಂದು ಹೇಳುವುದು ಭಾವುಕತೆಯಾದೀತು. ಅವರು ಬರೆದದ್ದು ಭವಿಷ್ಯವನ್ನಲ್ಲ, ಸುತ್ತಲಿನ ವಾಸ್ತವವನ್ನು. ಹೆರಿಗೆ ಅಪಾಯಕಾರಿಯಾಗಿದ್ದ ಕಾಲದಲ್ಲಿ ಆ ಅಪಾಯವನ್ನು ಬರೆದ ಹೆಂಗಸು ಅದಕ್ಕೆ ತಾನೂ ತುತ್ತಾದಳು. ಇಷ್ಟು ಹೇಳಿದರೆ ಸಾಕು, ಇದು ಸಾಲದಷ್ಟು ಕಡಿಮೆಯೇನಲ್ಲ.

ಅದೇ 1963ರಲ್ಲಿ ಮಲೆನಾಡಿನ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಪ್ರಕಟವಾಯಿತು. ನಡುವಯಸ್ಸಿನಲ್ಲಿ ಬರೆಯತೊಡಗಿದ ಇಂದಿರಾ ಮುಂದೆ 'ಫಣಿಯಮ್ಮ'ದವರೆಗೆ ನಡೆದರು. ಒಬ್ಬರ ಬರಹ ನಿಂತ ವರ್ಷದಲ್ಲಿ ಇನ್ನೊಬ್ಬರದು ಆರಂಭವಾದುದು ಯೋಗಾಯೋಗವಾದರೂ, ಅಷ್ಟರಲ್ಲಿ ಸ್ತ್ರೀ ಕಾದಂಬರಿಗೆ ಓದುಗರೂ ಪ್ರಕಾಶಕರೂ ಸಿದ್ಧವಾಗಿದ್ದರು ಎಂಬುದು ಯೋಗಾಯೋಗವಲ್ಲ.

ಸಾವಿನ ನಂತರದ ಬದುಕು

ಪುಟ್ಟಣ್ಣ ಕಣಗಾಲ್ ಅವರು 'ಬೆಕ್ಕಿನ ಕಣ್ಣು' ಕಾದಂಬರಿಯನ್ನು ಆಧರಿಸಿ 1966ರಲ್ಲಿ ಮಲಯಾಳದಲ್ಲಿ 'ಪೂಚ್ಚಕ್ಕಣ್ಣಿ' ಚಿತ್ರವನ್ನೂ, 1967ರಲ್ಲಿ ಕನ್ನಡದಲ್ಲಿ ತಮ್ಮ ಮೊದಲ ನಿರ್ದೇಶನವಾಗಿ 'ಬೆಳ್ಳಿಮೋಡ'ವನ್ನೂ ತೆರೆಗೆ ತಂದರು. ಎಂ.ಆರ್. ವಿಠಲ್ ನಿರ್ದೇಶನದ 'ಹಣ್ಣೆಲೆ ಚಿಗುರಿದಾಗ' 1968ರಲ್ಲಿ, ಎನ್. ಲಕ್ಷ್ಮೀನಾರಾಯಣ್ ಅವರ 'ಮುಕ್ತಿ' 1970ರಲ್ಲ, ಪುಟ್ಟಣ್ಣನವರ 'ಶರಪಂಜರ' 1971ರಲ್ಲಿ, ಎಂ.ಬಿ.ಎಸ್. ಪ್ರಸಾದ್ ಅವರ 'ಕಂಕಣ' 1975ರಲ್ಲಿ, ರಾಜೇಂದ್ರಸಿಂಗ್ ಬಾಬು ಅವರ 'ಹೂವು ಹಣ್ಣು' 1993ರಲ್ಲಿ ಬಂದವು. ಇವುಗಳಲ್ಲಿ ಒಂದನ್ನೂ ತ್ರಿವೇಣಿಯವರು ನೋಡಲಿಲ್ಲ. ಕಲ್ಪನಾ ಅವರ ಅಭಿನಯದಲ್ಲಿ ಇಂದಿರೆ ಮತ್ತು ಕಾವೇರಿ ಕನ್ನಡ ನಾಡಿನ ಸಾಮೂಹಿಕ ನೆನಪಿನ ಭಾಗವಾದರು.

ಚಲನಚಿತ್ರ ತ್ರಿವೇಣಿಯವರಿಗೆ ಹೊಸ ಬದುಕು ಕೊಟ್ಟಿತು. ಅವರ ಗದ್ಯವನ್ನು ಮರೆಮಾಡಿತು ಕೂಡ. ತೆರೆಯ ಮೇಲಿನ ಭಾವೋತ್ಕಟತೆಯನ್ನು ಕಂಡ ಕಣ್ಣುಗಳು ಕಾದಂಬರಿಯ ಸಂಯಮವನ್ನು ಗುರುತಿಸದೆ ಹೋದವು. ತ್ರಿವೇಣಿ ಅತಿಭಾವುಕ ಲೇಖಕಿ ಎಂಬ ಮಾತು ಎಷ್ಟೋ ವೇಳೆ ಚಿತ್ರವನ್ನು ನೋಡಿ ಕಾದಂಬರಿಯ ಮೇಲೆ ಹೊರಿಸಿದ ಆರೋಪ. ಕೃತಿ ಮತ್ತು ಚಿತ್ರಗಳನ್ನು ಬೇರ್ಪಡಿಸಿ ಓದುವ ಶಿಸ್ತು ಅವರ ಅಧ್ಯಯನದ ಮೊದಲ ಅಗತ್ಯ.

ಎರಡನೆಯ ತೊಡಕು ವಿಮರ್ಶೆಯ ಕಾಲಮಾನದ್ದು. ತ್ರಿವೇಣಿಯವರು ಬರೆಯುತ್ತಿದ್ದಾಗ ನವ್ಯ ಬಲಗೊಳ್ಳುತ್ತಿತ್ತು. ಅವರು ತೀರಿಕೊಂಡ ಎರಡು ವರ್ಷಗಳಲ್ಲಿ 'ಸಂಸ್ಕಾರ' ಪ್ರಕಟವಾಗಿ ಕಾದಂಬರಿಯ ಚರ್ಚೆಯ ದಿಕ್ಕೇ ಬದಲಾಯಿತು. ವ್ಯಕ್ತಿಯ ಅಂತರಂಗ, ಅದುಮಿಟ್ಟ ಕಾಮ, ಅಪ್ರಜ್ಞೆಯ ಒತ್ತಡಗಳನ್ನು ನವ್ಯ ವಿಮರ್ಶೆ ತನ್ನ ಮುಖ್ಯ ಆಸಕ್ತಿಯೆಂದು ಘೋಷಿಸಿತು. ಈ ವಸ್ತುಗಳನ್ನೇ ದಶಕದ ಹಿಂದೆ ಎತ್ತಿಕೊಂಡಿದ್ದ ಲೇಖಕಿ ಮಾತ್ರ ಅದರ ಗಮನಕ್ಕೆ ಬರಲಿಲ್ಲ. ಕಾರಣ ಸ್ಪಷ್ಟ: ಗಂಡಿನ ಅಂತರಂಗ ಅಸ್ತಿತ್ವದ ಪ್ರಶ್ನೆಯೆನಿಸಿತು, ಹೆಣ್ಣಿನ ಅಂತರಂಗ ಸಂಸಾರದ ಗೋಳೆನಿಸಿತು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ರೂಪುಗೊಂಡದ್ದು, ಆ ನಂತರ ಬೆಳೆದ ಸ್ತ್ರೀವಾದಿ ವಿಮರ್ಶೆ ಈ ತಾರತಮ್ಯವನ್ನು ಪ್ರಶ್ನಿಸಿದ್ದು ಮಹತ್ವದ ಬೆಳವಣಿಗೆ. ಹಾಗಿದ್ದೂ ಸ್ತ್ರೀವಾದಿ ಓದಿಗೂ ತ್ರಿವೇಣಿ ಪೂರ್ತಿ ಒಗ್ಗುವುದಿಲ್ಲ. ಅವರ ನಾಯಕಿಯರು ಮೇಲ್ಜಾತಿಯ ಮಧ್ಯಮವರ್ಗದವರು. ಆಳುಕಾಳುಗಳು, ತೋಟದ ಕೂಲಿಯವರು ಕಥೆಯ ಅಂಚಿನಲ್ಲಿಯೇ ಉಳಿಯುತ್ತಾರೆ. ಅವರ ಬಂಡಾಯ ಮನೆಯನ್ನು ಒಡೆಯುವುದಿಲ್ಲ, ಮನೆಯ ಸುಳ್ಳನ್ನು ಬಯಲಿಗಿಡುತ್ತದೆ. ಈ ಮಿತಿಯನ್ನು ಒಪ್ಪಿಕೊಂಡೇ ಅವರ ಸಾಧನೆಯನ್ನು ಅಳೆಯಬೇಕು.

ಸಮಾರೋಪ

ತ್ರಿವೇಣಿಯವರ ಬರಹದ ಬದುಕನ್ನು ಹೀಗೆ ಕ್ರೋಡೀಕರಿಸಬಹುದು. ಸಾಹಿತ್ಯದ ಮನೆತನ ಅವರಿಗೆ ಭಾಷೆಯ ವಿಶ್ವಾಸ ಕೊಟ್ಟಿತು. ಮೈಸೂರಿನ ಮನಃಶಾಸ್ತ್ರದ ಓದು ಆರೋಪಕ್ಕೆ ಸಿಲುಕದ ಒಂದು ಪರಿಭಾಷೆಯನ್ನೂ ತೀರ್ಪು ಕೊಡದ ದೃಷ್ಟಿಯನ್ನೂ ಕೊಟ್ಟಿತು. ಹಿಂದಿನ ಲೇಖಕಿಯರು ತೆರೆದ ಸಣ್ಣ ದಾರಿ, ಅನಕೃ ಕಟ್ಟಿದ ಓದುಗವರ್ಗಗಳು ಪ್ರಕಟಣೆಯನ್ನು ಸಾಧ್ಯವಾಗಿಸಿದವು. ಇವೆಲ್ಲವನ್ನೂ ಬಳಸಿಕೊಂಡು ಅವರು ಹತ್ತು ವರ್ಷಗಳ ಕಾಲ ಕೇಳುತ್ತ ಹೋದದ್ದು ಒಂದೇ ಪ್ರಶ್ನೆಯನ್ನು: ಆಸ್ತಿ, ಆರೋಗ್ಯ, ಮಾನ ಇವು ಕಳಚಿದ ಮೇಲೆ ಹೆಣ್ಣಿನ ಪಾಲಿಗೆ ಉಳಿಯುವ ಪ್ರೀತಿ ಎಷ್ಟು? ಮೈಸೂರಿನ ಚಾಮರಾಜಪುರದಲ್ಲಿ ಅವರು ಬಾಳಿದ ಮನೆ ಈಗ ಅವರ ನೆನಪಿನ ವಸ್ತುಸಂಗ್ರಹಾಲಯವಾಗಿದೆ. ಅದರ ಹೆಸರು 'ಬೆಳ್ಳಿಮೋಡ'.

ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದ ಮೂಲಕ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ, ಮನೆಯೊಳಗಿನ ಹೆಣ್ಣಿನ ಸಂಕಟ ಸಣ್ಣ ವಸ್ತುವೆಂಬ ಹಳೆಯ ಗ್ರಹಿಕೆ ಮತ್ತೊಮ್ಮೆ ಸುಳ್ಳಾಯಿತು. ಸಮುದಾಯ ಬೇರೆ, ಕಾಲ ಬೇರೆ, ಬರಹದ ರಾಜಕಾರಣವೂ ಬೇರೆ. ಆದರೂ ಕನ್ನಡದಲ್ಲಿ ಆ ವಸ್ತುವಿಗೆ ಸಾವಿರಾರು ಓದುಗಿಯರನ್ನು ಮೊದಲೇ ಸಿದ್ಧಪಡಿಸಿದವರಲ್ಲಿ ತ್ರಿವೇಣಿ ಒಬ್ಬರು ಎಂಬುದನ್ನು ಸಾಹಿತ್ಯ ಚರಿತ್ರೆ ಒಪ್ಪಬೇಕು. ಆಲೂರು ಸೀಮೆಯ ಮಳೆಗಾಲದ ಮನೆಗಳಲ್ಲಿ ಹಾಳೆ ಕಿತ್ತು ಹೋಗುವಷ್ಟು ಓದಿಸಿಕೊಂಡ ಆ ಪುಸ್ತಕಗಳಿಗೆ ನಮ್ಮ ಪಠ್ಯಕ್ರಮದಲ್ಲಿ ಒಂದು ಸಾಲಿಗಿಂತ ಹೆಚ್ಚಿನ ಜಾಗ ಸಲ್ಲಬೇಕು. ಅವನ್ನು ಓದಿದ ಹೆಂಗಸರು ವಿಮರ್ಶೆ ಬರೆಯಲಿಲ್ಲ. ಮಗಳ ಮದುವೆಯ ಮಾತು ಬಂದಾಗ, ಬಾಣಂತಿಯೊಬ್ಬಳು ಮಾತು ನಿಲ್ಲಿಸಿದಾಗ, ಅವರು ಆ ಕಾದಂಬರಿಗಳನ್ನು ನೆನೆದರು. ಕೃತಿಯೊಂದರ ಪ್ರಭಾವವನ್ನು ಅಳೆಯಲು ಹೊರಟ ಸಂಶೋಧನೆ ಅವರ ನೆನಪನ್ನೂ ಆಕರವೆಂದು ಎಣಿಸಬೇಕಾಗಿದೆ.